ಮೇಲಿನ ಸಣ್ಣ ಪೈಪುಗಳು

ಚರ್ಚಿನ ಪೈಪ್ ಆರ್ಗನ್ ಟ್ಯೂನ್ ಮಾಡಲು ಇಬ್ಬರು ಬೇಕು. ಒಬ್ಬರು ಹೊರಗೆ ಕೀಗಳ ಮುಂದೆ ಬೆಂಚಿನ ಮೇಲೆ ಕೂರುತ್ತಾರೆ. ಇನ್ನೊಬ್ಬರು ಗೋಡೆಯ ಹಿಂದಿನ ಇಕ್ಕಟ್ಟಾದ ಕೋಣೆಯಲ್ಲಿ, ಪೈಪುಗಳ ನಡುವೆ, ಏಣಿಯ ಮೇಲೆ ನಿಲ್ಲುತ್ತಾರೆ. ಹೊರಗಿನವರು ಒಂದು ಕೀ ಒತ್ತಿ ಹಿಡಿಯಬೇಕು. ಒಳಗಿನವರು ಆ ಸ್ವರದ ಪೈಪನ್ನು ಸರಿಮಾಡಿ ‘ಮುಂದೆ’ ಎಂದು ಕೂಗಬೇಕು. ಆಗ ಮುಂದಿನ ಕೀ. ಸಾವಿರಾರು ಪೈಪುಗಳ ವಾದ್ಯದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡೆಯುವುದು ಇಷ್ಟೇ. ಇದನ್ನು ಓದುವಾಗಲೇ ಆಕಳಿಕೆ ಬಂದರೆ ಈ ಕೆಲಸಕ್ಕೆ ಬರಬೇಡಿ, ನಿಮಗೂ ಒಳ್ಳೆಯದು, ಪೈಪುಗಳಿಗೂ ಒಳ್ಳೆಯದು.

ಬರೆಯಿರಿ ಎಂದು ಬೆನ್ನುಬಿದ್ದವಳು ಅನಿತಾ. ಮಂಗಳೂರಿನ ಹುಡುಗಿ, ಆಸ್ಟಿನ್‌ನಲ್ಲಿ ಆರ್ಗನ್ ವಾದನವನ್ನೇ ಓದಿದವಳು, ರಜೆಯಲ್ಲಿ ನನ್ನ ಜೊತೆ ಬಂದು ಕೀ ಒತ್ತಿ ಕೊಡುತ್ತಿದ್ದವಳು. ಈಗ ಡಲ್ಲಾಸ್‌ನ ಒಂದು ಚರ್ಚಿನಲ್ಲಿ ನುಡಿಸುತ್ತಾಳೆ. ಅವಳ ಹಿಂದೆ ಇನ್ನೂ ಒಂದಿಬ್ಬರು ನಮ್ಮ ಕಡೆಯ ಮಕ್ಕಳು ಈ ರಿಪೇರಿ ಕೆಲಸದ ಬಗ್ಗೆ ವಿಚಾರಿಸುತ್ತಿದ್ದಾರಂತೆ. ‘ಅಂಕಲ್, ನೀವು ವ್ಯಾನಲ್ಲಿ ಹೇಳ್ತಿದ್ರಲ್ಲ, ಅದನ್ನೇ ಬರೆದು ಕೊಡಿ, ಸಾಕು’ ಎಂದಳು. ವ್ಯಾನಿನಲ್ಲಿ ನಾನು ಹೇಳುತ್ತಿದ್ದುದರಲ್ಲಿ ಅರ್ಧ ಟ್ರಾಫಿಕ್‌ಗೆ ಬೈಗುಳ. ಉಳಿದರ್ಧ ಇಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಅಮೆರಿಕದವರೆಲ್ಲ ಆಡಿದ್ದು ಇಂಗ್ಲಿಷನ್ನೇ. ಆದರೆ ನನ್ನ ನೆನಪಿನಲ್ಲಿ ಅವರೆಲ್ಲ ಹುಬ್ಬಳ್ಳಿ ಕನ್ನಡದಲ್ಲಿ ಮಾತಾಡುತ್ತಾರೆ. ಯಾಕೆಂದು ನನಗೂ ಗೊತ್ತಿಲ್ಲ. ತಿದ್ದಲು ಹೋಗಿಲ್ಲ.

ಹುಬ್ಬಳ್ಳಿಯಲ್ಲಿ ನಮ್ಮಪ್ಪನದು ಹಾರ್ಮೋನಿಯಂ ರಿಪೇರಿ ಅಂಗಡಿ. ಭಜನಾ ಮಂಡಳಿಯವರು, ನಾಟಕ ಕಂಪನಿಯವರು, ಸಂಗೀತ ಮೇಷ್ಟ್ರುಗಳು ಪೆಟ್ಟಿಗೆ ತಂದಿಟ್ಟು ನಾಳೆಯೇ ಬೇಕು ಎನ್ನುತ್ತಿದ್ದರು. ತಿದಿಗೆ ಚರ್ಮ ಅಂಟಿಸುವುದು, ಹಿತ್ತಾಳೆಯ ರೀಡ್ ಕೆರೆದು ಸ್ವರ ಕೂಡಿಸುವುದು ನಾನು ಅಲ್ಲೇ ಕಲಿತದ್ದು. ಹೆಂಡತಿ ಸಾವಿತ್ರಿ ನರ್ಸ್. ಅವಳಿಗೆ ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿತು, ಅವಳ ಹಿಂದೆ ನಾನು ಬಂದೆ. ಕೆಲವು ತಿಂಗಳು ಡಲ್ಲಾಸ್ ಪಕ್ಕದ ಕಾಪೆಲ್‌ನ ಅಪಾರ್ಟ್‌ಮೆಂಟಿನಲ್ಲಿ ಅನ್ನ ಸಾರು ಮಾಡಿಕೊಂಡು ಕೂತಿದ್ದೆ. ಸಾವಿತ್ರಿಯ ಆಸ್ಪತ್ರೆಯಲ್ಲಿ ಯಾರೋ ತಮ್ಮ ಚರ್ಚಿನ ಆರ್ಗನ್ ಕೆಟ್ಟಿದೆ, ಅದನ್ನು ನೋಡುವ ಮುದುಕನಿಗೆ ಕೈಕೆಳಗೆ ಜನ ಸಿಗುತ್ತಿಲ್ಲ ಎಂದರಂತೆ. ಇವಳು ನನ್ನ ಗಂಡನಿಗೆ ಬರುತ್ತದೆ ಎಂದುಬಿಟ್ಟಳು. ಹಾರ್ಮೋನಿಯಂಗೂ ಮೂರು ಮಹಡಿ ಎತ್ತರದ ಆರ್ಗನ್‌ಗೂ ಇರುವ ವ್ಯತ್ಯಾಸ ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಹಾಗಾಗಿ ಹೋದೆ.

ಆ ಮುದುಕನೇ ವಾಲ್ಟರ್. ನಾನು ಅವರನ್ನು ಮನಸ್ಸಿನಲ್ಲಿ ಸಾಹೇಬರು ಎಂದೇ ಕರೆಯುತ್ತಿದ್ದೆ. ಡಲ್ಲಾಸ್‌ನ ಹೊರವಲಯದಲ್ಲಿ ತಗಡಿನ ಶೆಡ್ಡು, ಅದರಲ್ಲಿ ಬಿಚ್ಚಿಟ್ಟ ಪೈಪುಗಳು, ಒಂದು ಮುಂಗೋಪದ ಬೆಕ್ಕು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಹಳೆಯ ಚರ್ಚುಗಳು ನಮ್ಮ ಕೈಯಲ್ಲಿದ್ದವು. ವಾರಕ್ಕೆ ಮೂರು ದಿನ ವ್ಯಾನಿನಲ್ಲೇ ಇರುತ್ತಿದ್ದೆವು. ದಾರಿಯಲ್ಲಿ ಜೆಕ್ ವಲಸಿಗರ ಒಂದು ಬೇಕರಿಯ ಹತ್ತಿರ ವ್ಯಾನ್ ತಾನಾಗಿ ನಿಲ್ಲುತ್ತಿತ್ತು. ಸಾಹೇಬರಿಗೆ ಮಾಂಸ ತುಂಬಿದ ಬನ್ನು, ನನಗೆ ಹಣ್ಣಿನದು. ತಿನ್ನುವಾಗ ಅವರು ಮಾತಾಡುತ್ತಿರಲಿಲ್ಲ, ಕೆಲಸ ಮಾಡುವಾಗಲೂ ಮಾತಾಡುತ್ತಿರಲಿಲ್ಲ. ಮಾತೆಲ್ಲ ಆಗುತ್ತಿದ್ದುದು ವ್ಯಾನನ್ನು ಹಿಂದಕ್ಕೆ ತೆಗೆಯುವಾಗ, ಅದೂ ನನ್ನ ಡ್ರೈವಿಂಗ್ ಕುರಿತು.

ಹೊಸಬರಿಗೆ ಎದುರಾಗುವ ಮೊದಲ ತೊಂದರೆ ಚರ್ಚಿನದಲ್ಲ, ನಮ್ಮವರದು. ನಮ್ಮ ಪಕ್ಕದೂರು ಫ್ಲವರ್ ಮೌಂಡ್‌ನಲ್ಲಿ ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೆ ಊಟದ ಸಾಲಿನಲ್ಲಿ ಯಾರಾದರೊಬ್ಬರು ಏನು ಕೆಲಸ ಎಂದು ಕೇಳುತ್ತಿದ್ದರು. ಹೇಳಿದ ಮೇಲೆ ತಟ್ಟೆಯಲ್ಲಿದ್ದ ಅವರ ಕೈ ನಿಲ್ಲುತ್ತಿತ್ತು. ಗದಗಿನ ಕಡೆಯ ಆಂಟಿಯೊಬ್ಬರು ಸಾವಿತ್ರಿಯನ್ನು ಪಕ್ಕಕ್ಕೆ ಕರೆದು, ‘ನಿಮ್ಮ ಮನಿಯವರು ಕನ್ವರ್ಟ್ ಆಗ್ಯಾರೇನ್ರಿ?’ ಎಂದು ಕೇಳಿದರಂತೆ. ಇವಳು, ‘ಇಲ್ರಿ, ವಾರದಾಗ ಆರು ದಿನ ಚರ್ಚಿಗೆ ಹೋಗ್ತಾರ, ಐತವಾರ ಒಂದಿನ ಮಾತ್ರ ಹೋಗೂದಿಲ್ಲ’ ಎಂದಳಂತೆ. ನಮ್ಮ ಕೆಲಸದ ವಿವರಣೆ ಇದಕ್ಕಿಂತ ಚೆನ್ನಾಗಿ ಯಾರೂ ಕೊಟ್ಟಿಲ್ಲ. ಟ್ಯೂನ್ ಮಾಡುವವನು ಯಾವ ಚರ್ಚಿನಲ್ಲೂ ಪೂರ್ತಿ ಹಾಡು ಕೇಳುವುದಿಲ್ಲ. ಒಂದು ಸಲಕ್ಕೆ ಒಂದೇ ಸ್ವರ ಕೇಳುತ್ತಾನೆ.

ಎರಡನೆಯ ತೊಂದರೆ ಎಸಿ. ತವರ ಸೀಸದ ಪೈಪುಗಳ ಸ್ವರ ಸೆಕೆಗೆ ಏರುತ್ತದೆ, ತಂಪಿಗೆ ಇಳಿಯುತ್ತದೆ. ಆದರೆ ಅದೇ ಆರ್ಗನ್ನಿನಲ್ಲಿ ಹಿತ್ತಾಳೆಯ ನಾಲಗೆಯಿರುವ ಬೇರೆ ಪೈಪುಗಳಿರುತ್ತವೆ, ಅವು ಅಷ್ಟಾಗಿ ಅಲುಗುವುದಿಲ್ಲ. ಆದ್ದರಿಂದ ಭಾನುವಾರದ ಪ್ರಾರ್ಥನೆಯ ಹೊತ್ತಿಗೆ ಒಳಗೆ ಎಷ್ಟು ತಂಪಿರುತ್ತದೋ ಅಷ್ಟೇ ತಂಪು ಮಾಡಿಸಿಕೊಂಡು ಟ್ಯೂನ್ ಮಾಡಬೇಕು. ಆಸ್ಟಿನ್‌ನ ಒಂದು ಚರ್ಚಿನಲ್ಲಿ ಜುಲೈ ತಿಂಗಳು, ವಾರದ ದಿನ, ಆಫೀಸಿನವರು ಎಸಿ ಹಾಕಿರಲಿಲ್ಲ. ಕೇಳಿ ಹಾಕಿಸೋಣ ಎಂದೆ. ಸಾಹೇಬರಿಗೆ ಸಂಜೆಯೊಳಗೆ ಡಲ್ಲಾಸ್ ಸೇರುವ ಆತುರ. ಎಲ್ಲ ತಾನೇ ಕೂಡಿಕೊಳ್ಳುತ್ತದೆ ನಡಿ ಎಂದರು. ಬೆವರು ಸುರಿಸಿಕೊಂಡು ಇಡೀ ವಾದ್ಯವನ್ನು ಸರಿಮಾಡಿದೆವು, ಆ ಸೆಕೆಯಲ್ಲಿ ಅದು ಗಂಟೆ ಹೊಡೆದಂತೆ ಸ್ವಚ್ಛವಾಗಿತ್ತು. ಶನಿವಾರ ಅಲ್ಲಿ ಮದುವೆ. ಎಸಿ ಹಾಕಿದರು. ಮದುಮಗಳು ಒಳಗೆ ಬರುವ ಹೊತ್ತಿಗೆ ಅರ್ಧ ಆರ್ಗನ್ ಒಂದು ಸ್ವರದಲ್ಲಿ, ಇನ್ನರ್ಧ ಇನ್ನೊಂದು ಸ್ವರದಲ್ಲಿ ಕಿರುಚಿತಂತೆ. ಹುಡುಗಿಯ ತಾಯಿ ಫೋನ್ ಮಾಡಿ ಸಾಹೇಬರಿಗೆ ಹೇಳಿದ ಮಾತುಗಳನ್ನು ಅವರು ನನಗೆ ಹೇಳಲಿಲ್ಲ. ಅಂದಿನಿಂದ ಅವರು ಚರ್ಚಿನ ಬಾಗಿಲಲ್ಲಿ ನಿಂತು ಮೊದಲು ನೋಡುತ್ತಿದ್ದುದು ಶಿಲುಬೆಯನ್ನಲ್ಲ, ಗೋಡೆಯ ಮೇಲಿನ ಥರ್ಮೋಸ್ಟ್ಯಾಟನ್ನು.

ಸಾಹೇಬರದು ಒಂದೇ ಕಟ್ಟಳೆ. ನಾವು ಪೈಪಿನ ಬಗ್ಗೆ ಮಾತಾಡಬೇಕು, ನುಡಿಸುವವರ ಬಗ್ಗೆ ಅಲ್ಲ. ಆರ್ಗನಿಸ್ಟರ ಕೈ, ಕಾಲು, ಕಿವಿ, ಸ್ವಭಾವ ಯಾವುದೂ ನಮಗೆ ಸಂಬಂಧಪಟ್ಟದ್ದಲ್ಲ. ದೂರು ಹೇಳಿದರೆ ಏಣಿ ಹತ್ತಬೇಕು, ನೋಡಬೇಕು, ಇಳಿಯಬೇಕು. ಈ ಕಟ್ಟಳೆಯನ್ನು ನಾನು ಬಹಳ ಕಾಲ ಪಾಲಿಸಿದೆ. ಅದು ಮುರಿದದ್ದು ಹ್ಯೂಸ್ಟನ್‌ನಲ್ಲಿ.

ಹ್ಯೂಸ್ಟನ್ ಊರ ನಡುವೆ, ಗಾಜಿನ ಎತ್ತರದ ಕಟ್ಟಡಗಳ ಸಂದಿಯಲ್ಲಿ, ಕೆಂಪು ಇಟ್ಟಿಗೆಯ ಒಂದು ಹಳೆಯ ಚರ್ಚಿದೆ. ಮೆಟ್ಟಿಲಿನ ಗೋಡೆಯುದ್ದಕ್ಕೂ ಅಲ್ಲಿ ನುಡಿಸಿದ ಆರ್ಗನಿಸ್ಟರ ಫೋಟೋಗಳು. ಆ ಊರಿನ ತೇವಕ್ಕೆ ಮರ ಉಬ್ಬುತ್ತದೆ, ಚರ್ಮ ಮೆತ್ತಗಾಗುತ್ತದೆ, ಫೋಟೋದವರೂ ಸ್ವಲ್ಪ ಊದಿಕೊಂಡಂತೆ ಕಾಣುತ್ತಾರೆ. ಆರ್ಗನಿಸ್ಟರ ವಿಷಯದಲ್ಲಿ ಆ ಚರ್ಚಿಗೆ ಎರಡು ರೂಢಿಗಳಿವೆ. ಬಿಟ್ಟುಹೋದ ಆರ್ಗನಿಸ್ಟ್ ಒಂದು ವರ್ಷ ಆ ಚರ್ಚಿಗೆ ಕಾಲಿಡುವಂತಿಲ್ಲ. ಹೊಸಬರು ಹಳಬರ ಮುಖ ನೋಡಿಕೊಂಡು ನುಡಿಸಬಾರದೆಂದು. ಇನ್ನೊಂದು, ಹೊಸಬರನ್ನು ಆರಿಸುವಾಗ ಮೊದಲ ಮಾತು ಬಿಡುವವರದೇ. ಅಭ್ಯರ್ಥಿಗಳು ಪರದೆಯ ಹಿಂದೆ ಕೂತು ನುಡಿಸುತ್ತಾರೆ, ಹೆಸರಿಲ್ಲ, ಬರೀ ನಂಬರು. ಬಿಡುವವರು ಕೆಳಗೆ ಕೂತು ಕೇಳಿ ಇವರು ಆಗಬಹುದು ಎನ್ನಬೇಕು. ಆಮೇಲೆ ಸಂಗೀತ ಸಮಿತಿಯ ಮಾತು.

ನಾನು ಹೋಗಲು ಶುರುಮಾಡಿದಾಗ ಅಲ್ಲಿ ನುಡಿಸುತ್ತಿದ್ದವರು ಡೊರೊತಿಯವರು. ಶಾಲೆಯ ಹೆಡ್‌ಮಿಸ್ಟ್ರೆಸ್ ಥರ ನೆಟ್ಟಗಿನ ಹೆಂಗಸು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೆಳಿಗ್ಗೆ ಬಂದರೆ ಸಂಜೆಯವರೆಗೆ ಚರ್ಚಿನಲ್ಲೇ. ಕಾಲಲ್ಲಿ ನುಡಿಸುವ ಪೆಡಲ್ ಒತ್ತಲಿಕ್ಕೆಂದೇ ತೆಳು ಅಟ್ಟೆಯ ಕಪ್ಪು ಬೂಟು ಇಟ್ಟುಕೊಂಡಿದ್ದರು, ಅದನ್ನು ಬೆಂಚಿನಿಂದ ಆಚೆ ಒಂದು ಹೆಜ್ಜೆಯೂ ಹಾಕಿಕೊಳ್ಳುತ್ತಿರಲಿಲ್ಲ. ನಾನು ಪೈಪುಗಳ ಕೋಣೆಗೆ ಹೋಗುವಾಗ ಬೂಟು ಬಿಚ್ಚುವುದನ್ನು ನೋಡಿ ಅದು ನಿಮ್ಮ ಧರ್ಮವೋ ಎಂದು ಕೇಳಿದರು. ಅರ್ಧ ಧರ್ಮ, ಇನ್ನರ್ಧ ಕಾಲಿಗೆ ಪೈಪು ಸಿಗದಿರಲಿ ಎಂದು, ಎಂದೆ. ಮುಂದಿನ ಸಲ ಹೋದಾಗ ಆ ಬಾಗಿಲಲ್ಲಿ ನನ್ನ ಬೂಟಿಗೆಂದು ಸಣ್ಣ ಚಾಪೆ ಹಾಕಿಸಿದ್ದರು. ಅವತ್ತಿನಿಂದ ನನಗೆ ಅವರೆಂದರೆ ಗೌರವಕ್ಕಿಂತ ಸ್ವಲ್ಪ ಹೆಚ್ಚು.

ಅವರ ದೂರುಗಳು ಯಾವಾಗಲೂ ಖಚಿತ. ಈ ಸಾಲಿನ ಪೈಪುಗಳಲ್ಲಿ ಇಂಥ ಸ್ವರ ತಡವಾಗಿ ಬರುತ್ತದೆ, ಆ ಪೆಡಲ್ ಮಳೆ ಬಂದ ದಿನ ಅಂಟಿಕೊಳ್ಳುತ್ತದೆ. ಹೋಗಿ ನೋಡಿದರೆ ಹಾಗೆಯೇ ಇರುತ್ತಿತ್ತು. ಸಾಹೇಬರು ಬೇರೆ ಆರ್ಗನಿಸ್ಟರ ದೂರು ಕೇಳಿ ಮೂಗು ಮುರಿಯುತ್ತಿದ್ದರು. ಇವರ ದೂರನ್ನು ಮಾತ್ರ ಟೋಪಿ ತೆಗೆದು ಕೇಳುತ್ತಿದ್ದರು.

ಸಾಹೇಬರು ಕೆಲಸ ಬಿಟ್ಟು ಮಗಳ ಮನೆ ಸೇರಿದ ಮೇಲೆ ವ್ಯಾನು, ಏಣಿ, ಬೆಕ್ಕು ಎಲ್ಲ ನನ್ನ ಪಾಲಿಗೆ ಬಂದವು. ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಗಿತ್ತು. ಮೊದಲು ಕಿವಿಯೊಂದೇ ಸಾಧನ, ಈಗ ಫೋನಿನಲ್ಲೇ ಸ್ವರ ತೋರಿಸುವ ಆ್ಯಪ್. ಹೊಸ ಆರ್ಗನ್‌ಗಳಲ್ಲಿ ಹೊರಗೆ ಕೂತು ಕೀ ಒತ್ತುವ ಮನುಷ್ಯನೂ ಬೇಡ, ಒಳಗೆ ನಿಂತವನೇ ಟ್ಯಾಬ್ಲೆಟ್ಟಿನ ಮೇಲೆ ಬೆರಳಿಟ್ಟರೆ ಸ್ವರ ಬರುತ್ತದೆ. ಒಳ್ಳೆಯದೇ, ನನ್ನ ಗಂಟಲಿಗೆ ವಿಶ್ರಾಂತಿ ಸಿಕ್ಕಿತು. ಹ್ಯೂಸ್ಟನ್‌ನ ಆ ಹಳೆಯ ವಾದ್ಯಕ್ಕೆ ಮಾತ್ರ ಈ ಸೌಕರ್ಯವಿಲ್ಲ, ಅಲ್ಲಿಗೆ ಇವತ್ತಿಗೂ ಇಬ್ಬರು ಬೇಕು. ಸಾವಿತ್ರಿಯೂ ಅಷ್ಟರಲ್ಲಿ ಹ್ಯೂಸ್ಟನ್‌ನ ಆಸ್ಪತ್ರೆ ಸೇರಿ ನಾವು ಅದರ ಹೊರವಲಯದ ಸೈಪ್ರೆಸ್‌ಗೆ ಶಿಫ್ಟ್ ಆಗಿದ್ದೆವು. ಆದ್ದರಿಂದ ಆ ಚರ್ಚಿಗೆ ನಾನೇ ಹೆಚ್ಚು ಹೋಗುತ್ತಿದ್ದೆ.

ಒಂದು ಸಲ ಡೊರೊತಿಯವರು ಮೇಲಿನ ಸಣ್ಣ ಪೈಪುಗಳ ಸಾಲಿನಲ್ಲಿ ಕೊನೆಯ ಕೆಲವು ಪೈಪು ಮಾತಾಡುತ್ತಿಲ್ಲ ಎಂದರು. ನಮ್ಮ ಕೆಲಸದಲ್ಲಿ ಪೈಪು ನುಡಿಯುವುದಕ್ಕೆ ಮಾತಾಡುವುದು ಎಂದೇ ಹೇಳುತ್ತೇವೆ. ಆ ಸಾಲಿನ ತುದಿಯ ಪೈಪುಗಳು ಪೆನ್ಸಿಲ್‌ಗಿಂತ ತೆಳು, ಕಿರುಬೆರಳಿಗಿಂತ ಗಿಡ್ಡ. ಒಂದು ಕಣ ಧೂಳು ಬಿದ್ದರೂ ಸುಮ್ಮನಾಗುತ್ತವೆ. ಹತ್ತಿ ನೋಡಿದೆ. ಎಲ್ಲವೂ ಮಾತಾಡುತ್ತಿದ್ದವು. ಆದರೂ ತೆಗೆದು ಬ್ರಷ್ ಆಡಿಸಿ ಇಟ್ಟೆ. ಮುಂದಿನ ಋತುವಿನಲ್ಲಿ ಅದೇ ದೂರು, ಆದರೆ ಇನ್ನೆರಡು ಸ್ವರ ಕೆಳಗಿನಿಂದ. ಹತ್ತಿದೆ, ಮಾತಾಡುತ್ತಿದ್ದವು. ಗಾಳಿ ಕಡಿಮೆಯೇನೋ ಎಂದು ತಿದಿ ನೋಡಿದೆ. ನನ್ನ ಕಿವಿಯೇ ಸುಳ್ಳು ಹೇಳುತ್ತಿದೆಯೇನೋ ಎಂದು ಫೋನಿನ ಆ್ಯಪ್ ಹಿಡಿದೆ. ಅದರಲ್ಲೂ ಮುಳ್ಳು ಕುಣಿಯುತ್ತಿತ್ತು. ಅದರ ಮುಂದಿನ ಸಲ ದೂರು ಮತ್ತಷ್ಟು ಕೆಳಗಿಳಿದಿತ್ತು.

ಆ ಬೇಸಿಗೆ ಕೀ ಒತ್ತಲು ಅನಿತಾ ಬಂದಿದ್ದಳು. ಡೊರೊತಿಯವರು ಹೇಳಿದ ಸ್ವರಗಳನ್ನೇ ಒಂದೊಂದಾಗಿ ಒತ್ತಿಸಿದೆ. ಒಳಗಿನಿಂದ ಕೂಗಿ ಕೇಳಿದೆ, ಕೆಳಗೆ ಕೇಳಿಸುತ್ತದೆಯೇ ಎಂದು.

‘ಕೇಳ್ತದೆ ಅಂಕಲ್. ಸರಿಯಾಗಿಯೇ ಉಂಟಲ್ಲ?’ ಎಂದಳು.

ವಿಷಯ ಗೊತ್ತಾಯಿತು. ವಯಸ್ಸಾದವರಿಗೆ ಮೊದಲು ಹೋಗುವುದೇ ತೀರಾ ಮೇಲಿನ ಸ್ವರಗಳು, ಅವು ಹೋದದ್ದು ಅವರಿಗೆ ತಿಳಿಯುವುದೂ ಇಲ್ಲ. ಮಾತು ಚೆನ್ನಾಗಿಯೇ ಕೇಳುತ್ತಿರುತ್ತದೆ. ಅನಿತಾಳಿಗೂ ಅರ್ಥವಾಗಿರಬೇಕು. ಸಾಹೇಬರಿಗೆ ಫೋನ್ ಮಾಡಿದೆ. ಅವರು, ಪೈಪು ಸರಿ ಇದ್ದರೆ ಪೈಪು ಸರಿ ಇದೆ ಎಂದು ಹೇಳು, ಅದರಾಚೆ ನಮ್ಮ ಕೆಲಸವಲ್ಲ ಎಂದರು. ಹಾಗೆಯೇ ಹೇಳಿದೆ. ಡೊರೊತಿಯವರು ನನ್ನನ್ನು ಒಂದು ಕ್ಷಣ ನೋಡಿ, ಹಾಗಾದರೆ ಅವು ಬಹಳ ಮೆಲ್ಲಗೆ ಮಾತಾಡುತ್ತಿರಬೇಕು ಎಂದರು.

ಆಮೇಲೆ ಭಾನುವಾರಗಳು ಕಷ್ಟವಾಗತೊಡಗಿದವು. ಕೀಗಳ ಪಕ್ಕದ ಗುಂಡಿ ಎಳೆದರೆ ಅದೇ ಕೀಗೆ ಇನ್ನೊಂದು ಸಾಲಿನ ಪೈಪೂ ಸೇರಿ ನುಡಿಯುತ್ತದೆ; ಸಣ್ಣ ಪೈಪುಗಳು ಕೇಳುತ್ತಿಲ್ಲವೆಂದು ಡೊರೊತಿಯವರು ಆ ಬಗೆಯ ಇನ್ನಷ್ಟು ಸಾಲುಗಳನ್ನು ಸೇರಿಸಿ ನುಡಿಸುತ್ತಿದ್ದರು. ಮುಂದೆ ಕೂತ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಿದ್ದರಂತೆ. ಎದುರು ನಿಂತು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಲ್ಲಿ ಅರ್ಧ ಜನರ ಮದುವೆಗೆ ನುಡಿಸಿದವರು ಅವರೇ, ಅವರ ಅಪ್ಪ ಅಮ್ಮಂದಿರ ಮಣ್ಣಿಗೂ ಅವರೇ. ಕೊನೆಗೆ ಡೊರೊತಿಯವರೇ ಸಮಿತಿಯ ಮುಂದೆ ಬೇಡಿಕೆ ಇಟ್ಟರು. ಆ ಸಣ್ಣ ಪೈಪುಗಳನ್ನು ಜೋರು ಮಾಡಿಸಬೇಕು. ಆರ್ಗನ್ ವಿಷಯದಲ್ಲಿ ಅವರ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಸಮಿತಿ ಒಪ್ಪಿತು, ಕೆಲಸ ನನಗೆ ಬಂತು.

ಪೈಪು ಜೋರು ಮಾಡುವುದೆಂದರೆ ವಾಲ್ಯೂಮ್ ತಿರುಗಿಸಿದಂತಲ್ಲ. ಅದರ ಕಾಲಿನಲ್ಲಿ ಗಾಳಿ ಹೋಗುವ ತೂತನ್ನು ಅಗಲಿಸಬೇಕು, ಸ್ವರ ಹೊರಡುವ ಬಾಯಿಯನ್ನು ಚಾಕುವಿನಿಂದ ಕತ್ತರಿಸಿ ಎತ್ತರಿಸಬೇಕು. ಕತ್ತರಿಸಿದ ತವರ ಮತ್ತೆ ಕೂಡಿಕೊಳ್ಳುವುದಿಲ್ಲ. ಆ ಪೈಪುಗಳನ್ನು ಮಾಡಿದವರು ತೀರಿಹೋಗಿ ಎಷ್ಟೋ ಕಾಲವಾಗಿದೆ. ಅವರ ಕೈಯ ನಾದ ಅಲ್ಲಿಗೆ ಮುಗಿದಂತೆ. ಅಷ್ಟು ಮಾಡಿದರೂ ಡೊರೊತಿಯವರಿಗೆ ಕೇಳುವುದಿಲ್ಲ, ಉಳಿದವರೆಲ್ಲರ ಕಿವಿ ಹರಿಯುತ್ತದೆ. ಇದನ್ನು ತಪ್ಪಿಸಬೇಕೆಂದರೆ ಅವರಿಗೆ ಹೇಳಬೇಕು. ಹೇಳಿದರೆ ಅವರ ಬೆಂಚು ಹೋಗುತ್ತದೆ, ಆ ರೂಢಿಯಂತೆ ಒಂದು ವರ್ಷ ಚರ್ಚೂ ಹೋಗುತ್ತದೆ. ಆ ಹೆಂಗಸಿಗೆ ಊರಲ್ಲಿ ಇದ್ದದ್ದು ಆ ಎರಡೇ.

ನಾನು ಸಂಕಟಪಟ್ಟೆ. ಸಾವಿತ್ರಿಗೆ ಹೇಳಿದೆ. ಅವಳು ಆಸ್ಪತ್ರೆಯಲ್ಲಿ ದಿನವೂ ಇಂಥದ್ದನ್ನು ಕಂಡವಳು. ‘ನೀವು ಹೇಳಬ್ಯಾಡ್ರಿ. ಅವರಿಗೇ ಗೊತ್ತಾಗೂ ಹಂಗ ಮಾಡ್ರಿ’ ಎಂದಳು. ಹೇಗೆ ಎಂದು ಮಾತ್ರ ಹೇಳಲಿಲ್ಲ.

ಕೆಲಸದ ದಿನ ಅನಿತಾಳಿಗೆ ಪರೀಕ್ಷೆ, ಬರಲಿಲ್ಲ. ಕೀ ಒತ್ತಲು ತಾವೇ ಕೂರುವುದಾಗಿ ಡೊರೊತಿಯವರು ಹೇಳಿದರು. ನಾನು ಚಾಕು ತೆಗೆದುಕೊಂಡು ಒಳಗೆ ಹೋದೆ. ತುದಿಯ ಮೊದಲ ಪೈಪನ್ನು ಕೈಯಲ್ಲಿ ಹಿಡಿದು ನಿಂತೆ. ಕೆಳಗಿನಿಂದ ಅವರು, ‘ಶಿವಾ, ಒತ್ತಲೇನು?’ ಎಂದು ಕೇಳಿದರು. ಪೈಪನ್ನು ಅದರ ಜಾಗದಲ್ಲೇ ಇಟ್ಟು ಇಳಿದು ಬಂದೆ. ಆ ಕೀಯ ಮೇಲೆ ಸಣ್ಣ ಸೀಸದ ತುಂಡು ಇಟ್ಟೆ. ಕೀ ಒತ್ತುವವರು ಇಲ್ಲದಾಗ ನಾವು ಮಾಡುವ ಉಪಾಯ ಅದು. ತೂಕವಿರುವವರೆಗೂ ಸ್ವರ ನಿಲ್ಲುವುದಿಲ್ಲ. ಮೇಲೆ ಸಣ್ಣ ಪೈಪು ಚುಚ್ಚುವಷ್ಟು ಸ್ಪಷ್ಟವಾಗಿ ನುಡಿಯತೊಡಗಿತು.

‘ಒಮ್ಮೆ ಒಳಗ ಬರ್ತೀರೇನ್ರಿ?’ ಎಂದೆ.

ಇಷ್ಟು ವರ್ಷದಲ್ಲಿ ಅವರು ಆ ಬಾಗಿಲು ದಾಟಿರಲಿಲ್ಲ. ಆರ್ಗನಿಸ್ಟರು ಸಾಮಾನ್ಯವಾಗಿ ಒಳಗೆ ಬರುವುದಿಲ್ಲ. ಡೊರೊತಿಯವರು ನನ್ನ ಚಾಪೆಯ ಮೇಲೆ ತಮ್ಮ ಬೂಟು ಬಿಚ್ಚಿಟ್ಟು ನಿಧಾನವಾಗಿ ಏಣಿ ಹತ್ತಿದರು, ನಾನು ಹಿಂದಿನಿಂದ ಏಣಿ ಹಿಡಿದೆ. ಮೇಲಿನ ಹಲಗೆಯ ಮೇಲೆ ಇಬ್ಬರೂ ಪಕ್ಕಪಕ್ಕ ನಿಂತೆವು. ಪೈಪು ಅವರ ಮುಖದಿಂದ ಒಂದು ಗೇಣು ದೂರವಿತ್ತು, ನುಡಿಯುತ್ತಲೇ ಇತ್ತು. ನನ್ನ ಕಿವಿ ನೋಯುತ್ತಿತ್ತು. ಅವರು ಪೈಪುಗಳ ಸಾಲನ್ನು ಮೆಚ್ಚುಗೆಯಿಂದ ನೋಡುತ್ತ, ಎಷ್ಟು ಚಂದ ಜೋಡಿಸಿದ್ದಾರೆ ಎಂದರು.

ನಾನು ಅವರ ಬೆರಳನ್ನು ಹಿಡಿದು ಪೈಪಿನ ಬಾಯಿಯ ಹತ್ತಿರ ತಂದೆ. ಗಾಳಿ ತಾಗಿತು. ಅವರು ಬೆರಳು ಹಿಂದಕ್ಕೆ ತೆಗೆದು ಮತ್ತೆ ಹಿಡಿದರು. ನನ್ನ ಮುಖ ನೋಡಿದರು. ಪೈಪು ನೋಡಿದರು.

‘ಇದು ಈಗ ಮಾತಾಡಾಕತ್ತೈತೇನು?’ ಎಂದರು.

‘ಹೌದ್ರಿ.’

ಅವರು ಬೆರಳನ್ನು ಆ ಗಾಳಿಯಲ್ಲೇ ಹಿಡಿದುಕೊಂಡಿದ್ದರು. ಆ ಹೊತ್ತೆಲ್ಲ ಪೈಪು ನುಡಿಯುತ್ತಿತ್ತು, ಅದನ್ನು ನಿಲ್ಲಿಸಲು ನಾನು ಕೆಳಗಿಳಿಯಬೇಕಿತ್ತು, ಇಳಿಯುವುದು ಹೇಗೆಂದು ತಿಳಿಯಲಿಲ್ಲ. ಆಮೇಲೆ ಅವರೇ ಹೇಳಿದರು.

‘ನೀ ಕೆಳಗ ಹೋಗು. ಮ್ಯಾಲಿಂದ ಒಂದೊಂದ ಒತ್ತಕೋತ ಬಾ. ನನಗ ಕೇಳಿದ ಕೂಡಲೆ ಹೇಳ್ತೀನಿ.’

ಹೋಗಿ ಬೆಂಚಿನ ಮೇಲೆ ಕೂತೆ. ಸೀಸ ತೆಗೆದೆ. ತುದಿಯ ಕೀ ಒತ್ತಿದೆ. ಖಾಲಿ ಚರ್ಚಿನಲ್ಲಿ ಸ್ವರ ಮೂಲೆ ಮೂಲೆಗೆ ಮುಟ್ಟಿತು. ಒಳಗಿನಿಂದ ಸದ್ದಿಲ್ಲ. ಮುಂದಿನದು ಒತ್ತಿದೆ. ಸದ್ದಿಲ್ಲ. ಮುಂದಿನದು. ಅವರಿಗೆ ಎಲ್ಲಿಂದ ಕೇಳಿಸೀತೆಂದು ನಾನು ಒಂದು ಅಂದಾಜು ಮಾಡಿದ್ದೆ. ಆ ಸ್ವರ ಬಂತು, ಕಾದೆ, ಸದ್ದಿಲ್ಲ. ಏಣಿಯಿಂದ ಬಿದ್ದರೇನೋ ಎಂದು ಹೆದರಿ ಕೂಗಿ ಕೇಳಿದೆ. ಇದ್ದೀನಿ, ಮುಂದೆ ಎಂದರು. ಇನ್ನೂ ಕೆಳಗೆ, ಇನ್ನೂ ಕೆಳಗೆ ಹೋದೆ. ದಿನವೂ ಮಾಡುವ ಕೆಲಸವೇ, ಆದರೆ ಅವತ್ತು ಒಂದೊಂದು ಕೀಯನ್ನೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒತ್ತಿ ಹಿಡಿದೆ. ಕೊನೆಗೊಮ್ಮೆ ಒಳಗಿನಿಂದ ‘ಹಾಂ’ ಎಂದು ಸಣ್ಣ ದನಿ ಬಂತು.

ಅವರು ಇಳಿದು ಬಂದರು. ಕೂದಲಿಗೆ ಜೇಡರಬಲೆ ಅಂಟಿತ್ತು, ಹೇಳಿದೆ, ಒರೆಸಿಕೊಂಡರು. ಬೂಟು ಹಾಕಿಕೊಳ್ಳುತ್ತ, ನಿನಗೆ ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಿದರು. ಹೇಳಿದೆ. ಅವರಿಗೆ ಸಿಟ್ಟು ಬಂತು. ದನಿ ಜೋರು ಮಾಡಲಿಲ್ಲ, ಆದರೆ ಅವತ್ತು ನನ್ನ ಕಡೆ ತಿರುಗಿ ನೋಡಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರು: ‘ಚಾಕು ಪೆಟಗಿಯೊಳಗ ಇಡು. ಅವನ್ನ ಮುಟ್ಟಬ್ಯಾಡ.’

ಆಮೇಲಿನದನ್ನು ಅವರೇ ಮಾಡಿದರು. ಸಮಿತಿಗೆ ಹೋಗಿ, ಪೈಪುಗಳಲ್ಲಿ ದೋಷವಿಲ್ಲ, ದೋಷ ತಮ್ಮ ಕಿವಿಯಲ್ಲಿದೆ ಎಂದು ಎಲ್ಲರೆದುರು ಹೇಳಿದರಂತೆ. ಡಾಕ್ಟರರು ಕಿವಿಗೆ ಯಂತ್ರ ಹಾಕಿದರು. ಮಾತಿಗೆ ಅದು ಸರಿ, ಆರ್ಗನ್ ಅದರಲ್ಲಿ ತಗಡು ಬಡಿದಂತೆ ಕೇಳುತ್ತದೆ ಎಂದು ನನಗೆ ಹೇಳಿದರು. ಸಮಿತಿಯವರು ಯಾರಾದರೂ ಪಕ್ಕದಲ್ಲಿ ಕೂತು ಸ್ವರದ ಹದ ಹೇಳಲಿ, ನೀವೇ ನುಡಿಸಿ ಎಂದು ಬೇಡಿಕೊಂಡರು. ಅವರು ಒಪ್ಪಲಿಲ್ಲ. ಯಾವ ಸಾಲು ಎಷ್ಟು ಬೇಕೆಂದು ಕೇಳಿ ಆರಿಸುವುದೇ ಆರ್ಗನಿಸ್ಟ್ ಕೆಲಸ, ಬೆರಳಾಡಿಸುವುದು ಯಾರಿಗಾದರೂ ಬರುತ್ತದೆ ಎಂದರು.

ಹೊಸಬರನ್ನು ಆರಿಸುವ ದಿನ ನಾನು ಹೋಗಿದ್ದು ವಾದ್ಯ ಕೈಕೊಟ್ಟರೆ ಇರಲಿ ಎಂದು. ಮೂಲೆಯಲ್ಲಿ ಏಣಿಯ ಪಕ್ಕ ನಿಂತಿದ್ದೆ. ಮೇಲೆ ಪರದೆ ಕಟ್ಟಿದ್ದರು. ಮೂವರು ಅಭ್ಯರ್ಥಿಗಳು, ಮೂರು ನಂಬರು. ಅನಿತಾ ಅರ್ಜಿ ಹಾಕಿರಲಿಲ್ಲ. ಅಷ್ಟು ದೊಡ್ಡದು ಈಗಲೇ ಬೇಡ ಎಂದಿದ್ದಳು. ಸಮಿತಿಯವರು ಒಂದು ಸಾಲಿನಲ್ಲಿ ಕೂತಿದ್ದರು, ಅವರ ಮುಂದಿನ ಸಾಲಿನಲ್ಲಿ ಡೊರೊತಿಯವರು ಒಬ್ಬರೇ. ರೂಢಿಯಂತೆ ಮೊದಲ ಮಾತು ಅವರದು. ಕಿವಿಯ ಯಂತ್ರ ಬಿಚ್ಚಿ ಕೈಚೀಲದಲ್ಲಿ ಹಾಕಿಕೊಂಡರು. ಆಮೇಲೆ ತಿರುಗಿ ನನ್ನನ್ನು ಕರೆದರು.

ಪಕ್ಕದಲ್ಲಿ ಕೂತೆ. ಅವರು ತಮ್ಮ ಕೈಯನ್ನು ನನ್ನ ಮುಂದೆ ಚಾಚಿದರು.

‘ಹಿಡಕೋ. ಮ್ಯಾಲಿನ ಸಣ್ಣವು ಬಂದಾಗ ಒತ್ತು. ಎಷ್ಟು ಬಂದ್ವೋ ಅಷ್ಟ ಒತ್ತು, ಜಾಸ್ತಿ ಕಮ್ಮಿ ಮಾಡಬ್ಯಾಡ.’

ಹಿಂದೆ ಸಮಿತಿಯ ಹೆಂಗಸರೆಲ್ಲ ನೋಡುತ್ತಿದ್ದರು. ಹುಬ್ಬಳ್ಳಿಯವನಿಗೆ ಚರ್ಚಿನಲ್ಲಿ ಪರರ ಮನೆಯ ಹೆಂಗಸಿನ ಕೈ ಹಿಡಿದು ಕೂರುವುದೆಂದರೆ ಸಂಕೋಚ ಎಷ್ಟಾಗುತ್ತದೆಂದು ಓದುವವರಿಗೆ ಗೊತ್ತು. ಹಿಡಿದೆ. ಅವರು ಕಣ್ಣು ಮುಚ್ಚಿದರು.

ಮೊದಲನೆಯವರು ಶುರುವಿನಿಂದ ಕೊನೆಯವರೆಗೂ ಎಲ್ಲ ಸಾಲುಗಳನ್ನೂ ಹಾಕಿಕೊಂಡು ನುಡಿಸಿದರು. ಒತ್ತಿ ಒತ್ತಿ ನನ್ನ ಕೈ ಸೋತಿತು. ಡೊರೊತಿಯವರ ಹುಬ್ಬು ಗಂಟಾಯಿತು. ಎರಡನೆಯವರು ಸಣ್ಣ ಪೈಪುಗಳ ಗೊಡವೆಗೇ ಹೋಗಲಿಲ್ಲ. ನನ್ನ ಕೈ ಸುಮ್ಮನಿತ್ತು, ಡೊರೊತಿಯವರು ಒಮ್ಮೆ ಕಣ್ಣು ತೆರೆದು ನನ್ನನ್ನು ನೋಡಿ, ನಾನು ತಲೆಯಾಡಿಸಿದ ಮೇಲೆ ಮತ್ತೆ ಮುಚ್ಚಿಕೊಂಡರು.

ಮೂರನೆಯವರು ಸಭೆಯಲ್ಲಿ ಹಾಡುವ ಒಂದು ಸಾಮಾನ್ಯ ಹಾಡನ್ನು ತೆಗೆದುಕೊಂಡರು. ಮೊದಲ ಪದ್ಯ ಮೆಲ್ಲಗೆ, ಎರಡನೆಯದಕ್ಕೆ ಸ್ವಲ್ಪ ಮೈ ಬಂತು, ಮೂರನೆಯದು ಮತ್ತೆ ತಗ್ಗಿತು. ನನ್ನ ಕೈ ಸುಮ್ಮನೆಯೇ ಇತ್ತು. ಇವರೂ ಮುಟ್ಟುವುದಿಲ್ಲವೇನೋ ಎಂದುಕೊಂಡೆ. ಕೊನೆಯ ಪದ್ಯಕ್ಕೆ ಬಂದಾಗ, ಎಲ್ಲದರ ಮೇಲೆ, ಆ ಸಣ್ಣವು ಬಂದವು. ಹೆಚ್ಚಿಲ್ಲ, ಹಾಡಿನ ಮೇಲಂಚಿಗೆ ತಾಗುವಷ್ಟು ಮಾತ್ರ. ಅಷ್ಟು ವರ್ಷ ಒಂದೊಂದಾಗಿ ಮುಟ್ಟಿದ ಪೈಪುಗಳನ್ನು ನಾನು ಒಂದು ಹಾಡಾಗಿ ಕೇಳಿದ್ದು ಆಗಲೇ. ಅಷ್ಟೇ ಹಗುರವಾಗಿ ಒತ್ತಿದೆ. ಹಾಡು ಏರಿದಾಗ ಸ್ವಲ್ಪ ಹೆಚ್ಚು, ಇಳಿದಾಗ ಕಡಿಮೆ. ಡೊರೊತಿಯವರ ಮುಖ ನೋಡಿದೆ. ತಲೆ ತುಸು ಮೇಲೆದ್ದಿತ್ತು, ತುಟಿ ಹಾಡಿನ ಜೊತೆ ಅಲುಗುತ್ತಿತ್ತು. ಕೊನೆಯ ಸ್ವರವನ್ನು ಆ ಮೂರನೆಯವರು ಉದ್ದಕ್ಕೆ ಹಿಡಿದರು, ನಾನೂ ಹಿಡಿದೆ. ಅವರು ಬಿಟ್ಟಾಗ ಒತ್ತುವುದು ಬಿಟ್ಟೆ.

ಡೊರೊತಿಯವರು ಕಣ್ಣು ತೆರೆದು ಹಿಂದೆ ತಿರುಗಿ, ಇವರು ಆಗಬಹುದು ಎಂದರು. ಸಮಿತಿಯವರು ಎದ್ದು ಮಾತಾಡತೊಡಗಿದರು. ಡೊರೊತಿಯವರು ಇನ್ನೂ ಕೂತೇ ಇದ್ದರು, ಕೈ ನನ್ನ ಕೈಯಲ್ಲೇ ಇತ್ತು.

‘ಶಿವಾ, ಭಾಳ ಚಲೋ ಮಾತಾಡಿದ್ವು’ ಎಂದರು.